ಮುಟ್ಟಬೇಡಿ ಎಂದು ಬರೆದ ಅಂಗಡಿ

“ನನ್ನ ಗಿರಾಕಿಗಳನ್ನ ಬೀದೀಲಿ ನಿಲ್ಲಿಸ್ಕೊಂಡು ಏನ್ರೀ ಕೇಳ್ತೀರಾ ನೀವು?!”

ರಸ್ತೆ ದಾಟಿ ಬಂದ ಲಿಖಿತಾಳ ಉಸಿರು ಏರಿತ್ತು. ಶಾಂತಮೂರ್ತಿ ಕೈಲಿದ್ದ ನೋಟ್‌ಬುಕ್ ಮುಚ್ಚಿ ತನ್ನ ಅಂಗಡಿಯ ಜಗಲಿಯಿಂದ ಎದ್ದು ನಿಂತ.

“ಸುಮ್ನೆ ಮಾತಾಡ್ಸಿದೆ, ಅಷ್ಟೇ...”

“ಬರ್ಕೊಳ್ತಿದ್ರಿ! ನಾನು ನೋಡಿದೆ. ಯಾವ ಅಂಗಡಿಯೋರು ಕಳಿಸಿದ್ದು ನಿಮ್ಮನ್ನ?”

ಅವನ ಮುಖ ಬಾಡಿತು.

ಕೊಳ್ಳೇಗಾಲದ ಆ ಬೀದಿಯಲ್ಲಿ ಅವಳು ರೇಷ್ಮೆ ಸೀರೆ ಅಂಗಡಿ ತೆರೆದು ಆರು ತಿಂಗಳು. ಎದುರಿಗೇ ಯಳಂದೂರಿನಿಂದ ಬಂದ ಅವನ ಹಳೇ ಪುಸ್ತಕದ ಅಂಗಡಿ. ವ್ಯಾಪಾರದ ಬಗ್ಗೆ ಅವಳು ಓದಿದ ಏಳೂ ಪುಸ್ತಕ ಅವನು ಕೊಟ್ಟವೇ. ಕಷ್ಟದ ಪುಟಗಳ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಅರ್ಥ ಬರೆದು ಕೊಡುತ್ತಿದ್ದ.

ಅಂಥವನು ಹೀಗಾ?

ದೀಪಾವಳಿಯೊಳಗೆ ವ್ಯಾಪಾರ ಕುದುರದಿದ್ದರೆ ಬಾಗಿಲು ಹಾಕಬೇಕು. ನೇಕಾರ ಅಪ್ಪ ಅಷ್ಟೇ ಅವಕಾಶ ಕೊಟ್ಟಿದ್ದ. ಉಳಿದದ್ದು ಹನ್ನೆರಡು ದಿನ...

“ನಿಮ್ಮ ಪುಸ್ತಕ ನಾಳೆ ವಾಪಸ್ ಕಳಿಸ್ತೀನಿ!”

ಮೂರನೇ ದಿನ ಬಂಡಳ್ಳಿಯ ರಾಮಮ್ಮ ಮೆಟ್ಟಿಲಲ್ಲೇ ನಿಂತು, ಒಳಗೆ ಇಣುಕಿ ಹಿಂತಿರುಗಿದಳು. ಲಿಖಿತಾ ಓಡಿಬಂದಳು.

“ಯಾಕಮ್ಮ, ಒಳಗೆ ಬನ್ನಿ.”

“ಎದ್ರಿಕೆ ಕಣವ್ವ. ಮಗಳ ಮದ್ವೆಗೆ ಸೀರೆ ಬೇಕಾಗಿತ್ತು. ಈ ಕೈ ನೋಡು, ಕೂಲಿ ಮಾಡಿ ಸೀಳ್ಕಂಡದೆ. ನೀನು ಬ್ಯಾರೆ ಮುಟ್ಬ್ಯಾಡಿ ಅಂತ ಬೋಡು ಆಕಿದ್ದೀಯಂತೆ!”

ಲಿಖಿತಾ ಬೆಚ್ಚಿದಳು. ಒರಟು ಕೈ ತಾಗಿದರೆ ರೇಷ್ಮೆಯ ಎಳೆ ಏಳುತ್ತದೆಂದು ಅಮ್ಮ ಗದರಿಸಿಯೇ ಬೆಳೆಸಿದ್ದಳು. ಮಗ್ಗದ ಮನೆಯ ಆ ಮಾತನ್ನೇ ಅಂಗಡಿಯಲ್ಲೂ ತೂಗುಹಾಕಿದ್ದಳು!

“ಎದುರಂಗ್ಡಿ ಅಣ್ಣಯ್ಯ ಯೋಳ್ನಿಲ್ವಾ? ಅವತ್ತು ಯಾಕವ್ವ ಬರಿಗೈಲಿ ಓಯ್ತಿದ್ದೀಯ ಅಂದ್ರು, ಯೋಳ್ದೆ, ಬರ್ಕಂಡ್ರು. ಆಸೆಪಟ್ಟು ಬರ್ಸಿರೋ ಬೋಡು, ಆ ಹುಡ್ಗಿಗೆ ಮೆತ್ತಗೆ ಯೋಳ್ಬೇಕು, ನೊಂದ್ಕತಾಳೆ ಅಂದ್ರು.”

ಲಿಖಿತಾ ಬೋರ್ಡು ಕಿತ್ತಿಟ್ಟು, ರಾಮಮ್ಮನನ್ನು ಕೂರಿಸಿ, ಸೀರೆಯ ಸೆರಗು ಬಿಡಿಸಿ ಅವಳ ಕೆನ್ನೆಗೆ ಒತ್ತಿದಳು.

“ಹೀಗೆ ನೋಡಿ.”

“ಅಯ್ಯೋ... ಎಳೇ ಕೂಸ್ನ ಮುಟ್ದಂಗದೆ!”

ಸೀರೆ ಕಟ್ಟಿಕೊಟ್ಟು ಎದುರಿಗೆ ಓಡಿದರೆ, ಬೀಗ!

ಆ ವಾರ ರಾಮಮ್ಮನ ಮಾತು ಕೇಳಿ ಬಂಡಳ್ಳಿಯಿಂದ, ಅಜ್ಜೀಪುರದಿಂದ ಹೆಂಗಸರು ಬಂದರು. “ಬಾಗಿಲು ಹಾಕೋ ಮಾತು ಬಿಡು ಮಗಳೇ” ಎಂದ ಅಪ್ಪ. ಖುಷಿಪಡಲು ಹೋದರೆ ಎದುರಿನ ಬೀಗ ಕಣ್ಣಿಗೆ ಬೀಳುತ್ತಿತ್ತು.

ಎಂಟು ದಿನ ಕಳೆದ ಮೇಲೆ ಬಾಗಿಲು ತೆರೆದಿತ್ತು. ಅವನು ಪುಸ್ತಕಗಳಿಗೆ ಹಗ್ಗ ಕಟ್ಟುತ್ತಿದ್ದ.

“ಎಲ್ಲಿಗೆ?”

“ಯಳಂದೂರಿಗೇ. ಅಲ್ಲೊಂದು ಮಳಿಗೆ ನೋಡ್ಕೊಂಡು ಬಂದೆ. ದಿನಾ ಎದುರಿಗೆ ಕೂತ್ರೆ ನಿಮಗೂ ಕಸಿವಿಸಿ...”

“ತಪ್ಪಾಯ್ತು. ಕೇಳದೇನೇ ಅಂದುಬಿಟ್ಟೆ.” ಅವಳು ಕೈ ಚಾಚಿದಳು. “ಆ ನೋಟ್‌ಬುಕ್ ಕೊಡ್ತೀರಾ?”

ಅವನು ಹಿಂಜರಿಯುತ್ತಲೇ ಕೊಟ್ಟ.

‘ಬಂಡಳ್ಳಿಯ ಅಮ್ಮ: ಕೈ ಒರಟೆಂದು ಅಂಜಿಕೆ. ಹನೂರಿನ ಟೀಚರ್: ಕನ್ನಡಿ ಬೀದಿಗೆ ಕಾಣುತ್ತದೆಂದು ಸಂಕೋಚ.’

ಕೊನೆಯ ಸಾಲು: ‘ಲಿಖಿತಾ: ಗಿರಾಕಿ ಬಾರದ ದಿನ ಊಟದ ಡಬ್ಬಿ ತೆರೆಯುವುದಿಲ್ಲ.’

ಅಕ್ಷರಗಳು ಮಂಜಾದವು.

“ಇದನ್ನ ಯಾರು ಹೇಳಿದ್ದು?”

“ಯಾರೂ ಇಲ್ಲ... ಇಲ್ಲಿಂದ ಕಾಣುತ್ತೆ.”

“ವ್ಯಾಪಾರಕ್ಕೆ ಬೇಕಾದ್ದಾ ಇದು?”

“ಅಲ್ಲ.” ಅವನು ತಲೆ ತಗ್ಗಿಸಿದ. “ನನಗೆ ಬೇಕಾದ್ದು.”

ಲಿಖಿತಾ ಬಗ್ಗಿ ಹಗ್ಗದ ಗಂಟು ಬಿಚ್ಚತೊಡಗಿದಳು.

“ಹೋಗ್ಬೇಡಿ. ಎಂಟು ದಿನಕ್ಕೇ ಸಾಕಾಯ್ತು. ನೀವಿಲ್ದೆ ನನಗಾಗಲ್ಲ, ಮೂರ್ತಿ.”

ಅವನ ಕೈಯೂ ಅದೇ ಗಂಟಿಗೆ ಬಂತು.

“ನಿಮ್ಮಪ್ಪ?”

“ಅವರನ್ನೂ ನೀವೇ ಮಾತಾಡ್ಸಿ. ಈಗ ಹೊಟ್ಟೆ ಹಸೀತಿದೆ, ಡಬ್ಬಿ ಇಲ್ಲಿಗೇ ತರಲಾ?”

“ಏನಿದೆ?”

“ಚಿತ್ರಾನ್ನ... ಇಬ್ಬರಿಗಾಗುತ್ತೆ.”