ಮೂರು ಲೀಟರಿನ ಮೋಸ

ಮಲ್ಲೇಶನಿಗೆ ಸಿಟ್ಟೇರುತ್ತಿದ್ದದ್ದು 'ಮುಟ್ಬೇಡ' ಎಂಬ ಒಂದೇ ಮಾತಿಗೆ. ಭದ್ರಾವತಿಯ ಗ್ಯಾರೇಜಿನಲ್ಲಿ ಎಂಟು ವರ್ಷ ಮೈಗೆ ಗ್ರೀಸು ಬಳಿದುಕೊಂಡವನು ಅವನು. ಸದ್ದು ಕೇಳಿಯೇ ಇಂಜಿನ್ನಿನ ಕಾಯಿಲೆ ಹೇಳುತ್ತಿದ್ದ. ಶಿವಮೊಗ್ಗದ ಶೋರೂಮು ಮಾತ್ರ ಅವನನ್ನು ಬರೀ ಡ್ರೈವರ್ ಮಾಡಿ ಕೂರಿಸಿತ್ತು. ಹೈಬ್ರಿಡ್ ಕಾರಿನ ಬಾನೆಟ್ ಎತ್ತಿದರೆ ಸಾಕು, ಮ್ಯಾನೇಜರ್ ವಿಷ್ಣುಪ್ರಸಾದ ಓಡಿ ಬರುತ್ತಿದ್ದ.

"ಮುಟ್ಬೇಡ ಮಾರಾಯ! ಒಂಬತ್ತನೇ ಕ್ಲಾಸಿಗೆ ಬಿಟ್ಟೋರ ಕೆಲ್ಸ ಅಲ್ಲ ಇದು. ಟ್ರೇನಿಂಗ್ ಆಗಿರ್ಬೇಕು."

"ಹಂಗಾದ್ರೆ ಕಳ್ಸಿ ಸಾರ್ ಟ್ರೇನಿಂಗಿಗೆ."

"ಭಾನುವಾರದ ಪಂದ್ಯ ಗೆಲ್ಲು. ಕಳಿಸ್ತೀನಿ."

ಎದುರಿನ ಶೋರೂಮೂ ಹೈಬ್ರಿಡ್ ತಂದ ಮೇಲೆ ಹುಟ್ಟಿದ ಮೈಲೇಜು ಪಂದ್ಯ ಅದು. ಆಲ್ಕೊಳದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಭದ್ರಾವತಿಗೆ ಎರಡು ಸಲ ಹೋಗಿಬಂದು, ಅಲ್ಲೇ ಮತ್ತೆ ತುಂಬಿಸಬೇಕು. ಕಡಿಮೆ ಹಿಡಿಸಿದ ಕಾರು ಗೆದ್ದಂತೆ. ಡ್ಯಾಶ್‌ಬೋರ್ಡಿನ ಲೆಕ್ಕವನ್ನು ಎರಡೂ ಶೋರೂಮಿನವರು ನಂಬದೆ ಅದರ ಮೇಲೆ ಕಾಗದ ಅಂಟಿಸಿದ್ದರು.

ಕಂಪನಿಯವರು ಹೇಳುವ ಮೈಲೇಜನ್ನು ಮಲ್ಲೇಶನೂ ನಂಬುತ್ತಿರಲಿಲ್ಲ. ಬ್ಯಾಟರಿಯಂತೆ, ಮೋಟಾರಂತೆ! ಇಷ್ಟು ದೊಡ್ಡ ಗಾಡಿ ಲೀಟರಿಗೆ ಹದಿನಾಲ್ಕು ಕೊಟ್ಟರೆ ಪುಣ್ಯ. ಎಂಬತ್ತನಾಲ್ಕು ಕಿಲೋಮೀಟರಿಗೆ ಆರು ಲೀಟರ್. ದಾರಿಯಲ್ಲಿ ಗುಟ್ಟಾಗಿ ಮೂರು ಸುರಿದರೆ ಬಂಕಿನಲ್ಲಿ ಹಿಡಿಸುವುದು ಮೂರೇ. ನಾಲ್ಕು ಸುರಿದರೆ ಕಣ್ಣಿಗೆ ಹೊಡೆಯುತ್ತದೆ; ಮಲ್ಲೇಶ ದುರಾಸೆಯವನಲ್ಲ.

ಕಾವಲಿಗೆ ಕಾರಿನಲ್ಲಿ ಕೂರುವವನು ಎದುರಾಳಿ ಶೋರೂಮಿನ ವಿಜಯಕುಮಾರ್. ಮೆಣಸಿನಕಾಯಿ ಬೋಂಡಾದ ವಾಸನೆ ಬಡಿದರೆ ಅವನು ಹೆಂಡತಿಯ ಫೋನನ್ನೂ ಎತ್ತುವುದಿಲ್ಲವೆಂದು ಊರಿಗೇ ಗೊತ್ತಿತ್ತು. ಮಾಚೇನಹಳ್ಳಿಯ ಬೋಂಡಾ ಅಂಗಡಿಯ ಹಿಂದಿನ ಪಂಕ್ಚರ್ ಶೆಡ್ಡಿನಲ್ಲಿ ಶನಿವಾರವೇ ಮೂರು ಲೀಟರ್ ಪೆಟ್ರೋಲಿನ ಒಂದು ಕ್ಯಾನು ಹೋಗಿ ಕೂತಿತು.

ಎಲ್ಲ ಅಂದುಕೊಂಡಂತೆಯೇ ನಡೆಯಿತು. ಎರಡನೇ ಸಲ ವಾಪಸು ಬರುವಾಗ ಮಲ್ಲೇಶ ಅಂಗಡಿಯ ಮುಂದೆ ಬ್ರೇಕು ಹಾಕಿದ.

"ಬಿಸಿಬಿಸಿ ಹಾಕ್ತಿದಾರೆ ವಿಜಯಣ್ಣ. ನಾನು ಶೆಡ್ಡಲ್ಲಿ ಗಾಳಿ ನೋಡಿಸ್ಕೊಂಡ್ ಬರ್ತೀನಿ, ನೀವು ತಿನ್ನಿ."

"ನಿಮ್ಮ ಶೋರೂಮಲ್ಲಿ ಮನುಷ್ಯತ್ವ ಇರೋನು ನೀನೊಬ್ನೇ ಕಣೋ," ಎನ್ನುತ್ತ ವಿಜಯಕುಮಾರ್ ಇಳಿದ. ಅವನ ಎರಡನೇ ಪ್ಲೇಟು ಮುಗಿಯುವಷ್ಟರಲ್ಲಿ ಕ್ಯಾನು ಖಾಲಿ.

ಆಲ್ಕೊಳದಲ್ಲಿ ಜನ ಸೇರಿದ್ದರು. ಎದುರಾಳಿ ಕಾರು ಆಗಲೇ ಬಂದು ಮೂರೂವರೆ ಲೀಟರ್ ಹಿಡಿಸಿತ್ತು. ಅರ್ಧ ಲೀಟರಿನ ಗೆಲುವು! ಮಲ್ಲೇಶ ಮನಸ್ಸಿನಲ್ಲೇ ಟ್ರೇನಿಂಗಿಗೆ ಬಟ್ಟೆ ಮಡಚಿಟ್ಟ.

ಬಂಕಿನ ಭೂತಪ್ಪ ಪೈಪು ತೂರಿಸಿದ. ಟಕ್ ಎಂದು ನಿಂತಿತು. ಮತ್ತೆ ಒತ್ತಿದ. ಟಕ್.

"ಸೊನ್ನೆ ತೋರಿಸ್ತಿದೆ ಸಾರ್. ಒಂದು ಹನೀನೂ ಹಿಡಿಸ್ತಿಲ್ಲ."

"ಏನೋ ಮಾರಾಯ, ನಾನು ಬೋಂಡಾ ತಿಂದಿದ್ದಕ್ಕೆ ನಿನ್ ಕಾರಿಗೆ ಹೊಟ್ಟೆ ತುಂಬ್ತಾ?" ಎಂದ ವಿಜಯಕುಮಾರ್. ನಗು ನಿಂತ ಮೇಲೆ ಎಲ್ಲರೂ ಮಲ್ಲೇಶನ ಕಡೆ ತಿರುಗಿದರು. ವಿಷ್ಣುಪ್ರಸಾದ ಹಲ್ಲು ಕಚ್ಚಿ ಡ್ಯಾಶ್‌ಬೋರ್ಡಿನ ಕಾಗದ ಕಿತ್ತ. ಲೀಟರಿಗೆ ಇಪ್ಪತ್ತೆಂಟು. ಕಾರು ಇಡೀ ದಾರಿಗೆ ಕುಡಿದದ್ದೇ ಮೂರು ಲೀಟರ್. ಮಲ್ಲೇಶ ಸುಮ್ಮನೆ ಓಡಿಸಿಕೊಂಡು ಬಂದಿದ್ದರೂ ಗೆಲ್ಲುತ್ತಿದ್ದ.