ಗಾಜು ಇಳಿಸುವ ತಿರುವು

ಬಾಳೂರು ಇಳಿಜಾರಿನ ಅತ್ತಿಮರದ ತಿರುವಿನಲ್ಲಿ ಕಾರಿನ ಗಾಜು ಇಳಿಸಲೇಬೇಕು. ನಾಲ್ಕೂ ಗಾಜು. ಮಳೆ ಸುರಿಯುತ್ತಿರಲಿ, ಚಳಿ ಕೊರೆಯುತ್ತಿರಲಿ, ತಿರುವು ದಾಟಿದ ಮೇಲೆಯೇ ಮತ್ತೆ ಏರಿಸಬೇಕು. ಕಲ್ಲೇಶ್ ಹೀಗೆಂದಾಗ ಶಶಿಧರ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

ಶಶಿಧರ್ ದಾವಣಗೆರೆಯವನು. ಮೂಡಿಗೆರೆಯಲ್ಲಿ ಕಾರಿನ ಗಾಜಿನ ಅಂಗಡಿ ಹಾಕಿ ಆರು ತಿಂಗಳಾಗಿತ್ತು. ಅಂದು ಭಾನುವಾರ. ಕಲ್ಲೇಶನ ಕಾರಿಗೆ ಡ್ರೈವರ್ ಬದಿಯ ಗಾಜು ಹಾಕಲು ಅವನ ಕಾಫಿ ಎಸ್ಟೇಟಿಗೆ ಬಂದಿದ್ದ. ಏಳು ವರ್ಷದ ಮಗಳು ತನುಜಾ ಹಟ ಹಿಡಿದು ಜೊತೆಗೆ ಬಂದಿದ್ದಳು.

"ಅಲ್ರೀ, ಗಾಜು ತನ್ನಷ್ಟಕ್ಕೆ ತಾನೇ ಒಡಿಯೋದಕ್ಕೆ ದೆವ್ವ ಯಾಕ್ರೀ ಬೇಕು? ಇದನ್ನ ಕಾಯಿಸಿ ಒಮ್ಮೆಲೇ ತಣ್ಣಗೆ ಮಾಡಿರ್ತಾರೆ. ಒಳಗೇ ಬಿಗಿ ಇರುತ್ತೆ. ಅಂಚಿಗೆ ಸಣ್ಣ ಏಟು ಬಿದ್ದಿದ್ರೂ ಸಾಕು, ಒಂದಿನ ಢಂ ಅನ್ನುತ್ತೆ. ಅಷ್ಟೇ."

"ನಗ್ಬೇಡಿ ಮಾರಾಯ್ರೆ. ಹೋದ ವಾರ ಫೋನಲ್ಲಿ ಮಾತಾಡ್ತಾ ಇಳಿಸೋದು ಮರೆತೆ, ಗಾಜು ಸಿಡೀತು. ಅದ್ಕೇ ಇವತ್ತು ನಿಮ್ಮನ್ನ ಕರೆಸಿದ್ದು."

ಕಲ್ಲೇಶ್ ಮಗು ಇರುವ ಕಡೆ ನೋಡಿ ದನಿ ತಗ್ಗಿಸಿದ. ಹಿಂದೆ ಅಂಜನಮ್ಮ ಎಂಬ ರಸ್ತೆ ಕೂಲಿಯವಳಿದ್ದಳು. ಆ ತಿರುವಿಗೆ ಟಾರು ಹಾಕುತ್ತಿದ್ದಾಗ ಅವಳ ಮಗುವಿಗೆ ಹಾವು ಕಚ್ಚಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು, ಬಂದ ಕಾರುಗಳ ಗಾಜನ್ನೆಲ್ಲ ಬಡಿದಳು. ಮೂರು ಕಾರು. ಒಬ್ಬರೂ ಗಾಜು ಇಳಿಸಲಿಲ್ಲ. ಮಗು ಅಲ್ಲೇ ಸತ್ತಿತು. ಅಂದು ಸಂಜೆ ಅವಳು ಕೈಬಳೆ ಒಡೆದು ಪುಡಿ ಮಾಡಿ, ತನ್ನ ತಲೆಗೂದಲಿನ ಜೊತೆ ಮಗುವಿನ ಉಡಿದಾರದಲ್ಲಿ ಕಟ್ಟಿ, ಏನೋ ಮಣಮಣ ಹೇಳುತ್ತ ಜಲ್ಲಿಯ ಕೆಳಗೆ ಹೂತಳು. ಮರುದಿನ ಅದರ ಮೇಲೆ ಟಾರು ಬಿತ್ತು. ಅನ್ನ ನೀರು ಬಿಟ್ಟು ಆ ಮರದಡಿಯೇ ಕೂತವಳು ಹದಿನೈದು ದಿನಕ್ಕೆ ಸತ್ತಳು.

"ಮೂರರಲ್ಲಿ ಒಂದು ಕಾರು ನಮ್ಮಪ್ಪಂದು," ಎಂದ ಕಲ್ಲೇಶ್. "ಗಾಜು ಇಳಿಸಿ, ಮುಂದೆ ನೋಡ್ಕೊಂಡು ಹೋಗ್ಬಿಡಿ. ಹೆಸರು ಹಿಡಿದು ಕರೆದ್ರೂ ತಿರುಗ್ಬೇಡಿ. ನಿಲ್ಲಿಸ್ಲಂತೂ ಬೇಡಿ."

"ಓಹೋ! ಗಾಜು ಇಳಿಸ್ತೀರಿ, ಗಾಡಿ ಮಾತ್ರ ಇವತ್ತಿಗೂ ನಿಲ್ಸಲ್ಲ. ಭಾರೀ ಪುಣ್ಯವಂತರು ಕಣ್ರೀ ನೀವು!"

ಕಲ್ಲೇಶನ ಮುಖ ಕಪ್ಪಿಟ್ಟಿತು. "ನಾನೂ ಮೂಡಿಗೆರೆಗೆ ಹೊರಟಿದ್ದೀನಿ. ಹಿಂದೇನೇ ಬರ್ತೀನಿ," ಎಂದಷ್ಟೇ ಹೇಳಿದ.

ಮಧ್ಯಾಹ್ನ ಮೂರು ಗಂಟೆ. ಆದರೂ ಮಂಜು ಎಷ್ಟು ದಟ್ಟವಾಗಿತ್ತೆಂದರೆ ರಸ್ತೆಬದಿಯ ಸಿಲ್ವರ್ ಓಕ್ ಮರಗಳ ಬುಡ ಮಾತ್ರ ಕಾಣುತ್ತಿತ್ತು. ಒದ್ದೆ ಎಲೆಯ ಕೊಳೆತ ವಾಸನೆ. ಜೀರುಂಡೆಯ ಒಂದೇ ಸಮನೆ ಕಿರಿಚಾಟ. ಮುಂದಿನ ಸೀಟಿನಲ್ಲಿ ಕೂತ ತನುಜಾ ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಲ್ಲಿ ಬೆಕ್ಕಿನ ಚಿತ್ರ ಬರೆಯುತ್ತಿದ್ದಳು.

ಅತ್ತಿಮರ ಕಂಡಿತು. ಜೀರುಂಡೆ ಒಮ್ಮೆಲೇ ನಿಂತಿತು. ಕಾರಿನೊಳಗೆ ಬಿಸಿ ಟಾರಿನ ಘಾಟು ತುಂಬಿತು, ಈಗಷ್ಟೇ ಡಬ್ಬದಿಂದ ಸುರಿದ ಹಾಗೆ.

ಟಕ್. ಟಕ್. ಟಕ್.

"ಅಪ್ಪಾ, ಯಾರೋ ಗಾಜು ಬಡೀತಿದಾರೆ. ಅವ್ರ ಹತ್ರ ಪಾಪು ಇದೆ. ಇಳಿಸ್ಲಾ?"

ಶಶಿಧರ್ ಆ ಕಡೆ ನೋಡಿದ. ಮಂಜು ಬಿಟ್ಟರೆ ಏನೂ ಇಲ್ಲ. ಹೆದರಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಸಿಟ್ಟಿನಲ್ಲೇ ತನ್ನ ಬದಿಯ ಗುಂಡಿ ಒತ್ತಿ ಎಲ್ಲ ಗಾಜಿಗೂ ಲಾಕ್ ಹಾಕಿದ.

"ಸುಮ್ನೆ ಕೂತ್ಕೋ. ಯಾರೂ ಇಲ್ಲ."

"ಇದಾರಪ್ಪಾ, ಅಳ್ತಿದಾ..."

ಢಂ!

ಗಾಜು ಸಿಡಿಯಿತು. ಮಾತಾಡುತ್ತಿದ್ದ ಮಗುವಿನ ಮುಖದ ಮೇಲೆ ಹರಳು ಹರಳಾಗಿ ಸುರಿಯಿತು. ಸ್ಟೀರಿಂಗ್ ಕೈ ತಪ್ಪಿತು. ಕಾರು ರಸ್ತೆ ಬಿಟ್ಟು ಕಾಫಿ ಗಿಡಗಳ ನಡುವೆ ಇಳಿದು ಮಂಜಿನಲ್ಲಿ ಹೂತು ನಿಂತಿತು.

ತನುಜಾ ಅಳಲಿಲ್ಲ. ಅಳಲು ಆಗಲಿಲ್ಲ. ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡಿದ್ದಳು. ಗಾಜಿನ ಹರಳು ಒಳಗೆ ಹೋಗಿ ಸಿಕ್ಕಿಕೊಂಡಿತ್ತು. ಉಸಿರು ಸಿಳ್ಳೆಯಂತೆ ಬರುತ್ತಿತ್ತು. ಶಶಿಧರ್ ಬೆನ್ನಿಗೆ ಬಡಿದ. ತಲೆಕೆಳಗು ಮಾಡಿದ. ರಕ್ತ ಬಂತು, ಹರಳು ಬರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಕೆಸರಿನಲ್ಲಿ ಜಾರುತ್ತ ರಸ್ತೆಗೆ ಹತ್ತಿದ.

ಒಂದು ಕಾರು ಬಂತು. ಕೈ ಬೀಸಿದ, ಕಿರುಚಿದ. ನಾಲ್ಕೂ ಗಾಜು ಸರ್ರನೆ ಇಳಿದವು. ಕಾರು ನಿಲ್ಲಲಿಲ್ಲ.

ಇನ್ನೊಂದು ಬಂತು. ಗಾಜು ಇಳಿಯಿತು. ಒಳಗೆ ಹೆಂಗಸೊಬ್ಬಳು ತನ್ನ ಮಗುವಿನ ಕಣ್ಣು ಮುಚ್ಚಿ ಹಿಡಿದಿದ್ದಳು. ಅದೂ ಹೋಯಿತು.

ಆಗ ಅವನಿಗೆ ತಿಳಿಯಿತು. ಹೆಗಲ ಮೇಲೆ ಮಗು, ಬೋಳು ರಸ್ತೆ, ಅತ್ತಿಮರ.

ಸಿಳ್ಳೆ ಸಣ್ಣದಾಗುತ್ತಿತ್ತು.

ಮೂರನೆಯದು ತಿರುವಿನಲ್ಲಿ ನಿಧಾನವಾಗಿ ಬಂತು. ಗುರುತಿನ ಕಾರು. ಅವನ ಕಣ್ಣಲ್ಲಿ ನೀರು ಚಿಮ್ಮಿತು. "ಕಲ್ಲೇಶ್! ನಾನ್ರೀ! ಶಶಿಧರ್! ನನ್ ಮಗಳು ರೀ!" ಡ್ರೈವರ್ ಬದಿಗೆ ಓಡಿ ಗಾಜು ಬಡಿಯಲು ಕೈ ಎತ್ತಿದ.

ಬಡಿಯಲು ಗಾಜಿರಲಿಲ್ಲ. ಅದು ಆಗಲೇ ಇಳಿದಿತ್ತು. ಕಲ್ಲೇಶ್ ಬೆವರುತ್ತ ನೇರ ಮುಂದೆ ನೋಡುತ್ತಿದ್ದ. ತುಟಿ "ಶಿವ ಶಿವ" ಎನ್ನುತ್ತಿತ್ತು. ಶಶಿಧರ್ ಅವನ ತೋಳು ಹಿಡಿದ. ಕಲ್ಲೇಶ್ ಹೆಂಗಸಿನಂತೆ ಚೀರಿ ತೋಳು ಕಿತ್ತುಕೊಂಡು ಆಕ್ಸಿಲರೇಟರ್ ಒತ್ತಿದ.

ತಿರುವಿನಾಚೆ ಗಾಜು ಮತ್ತೆ ಏರಿತು. ಬೆಳಿಗ್ಗೆ ಶಶಿಧರನೇ ಕೂರಿಸಿದ ಗಾಜು. ಒಂದಿಷ್ಟೂ ಸದ್ದಾಗಲಿಲ್ಲ.

ಹೆಗಲ ಮೇಲೂ ಈಗ ಯಾವ ಸದ್ದೂ ಇರಲಿಲ್ಲ.