ಬೆಚ್ಚಗಿನ ಸಿಂಹಾಸನ

ದೆಹಲಿಯ ಕರೋಲ್ ಬಾಗ್‌ನ ನಮ್ಮ ಕನ್ನಡ ಸಂಘದ ನಾಟಕದಲ್ಲಿ ನಾನು ಕುತಂತ್ರಿ ಮಂತ್ರಿ. ರಾಜನ ಪಾತ್ರದ ಅನೂಪನಿಗೆ ಭಾನುವಾರವೂ ಆಫೀಸಿನಲ್ಲಿ ರಜೆ ಸಿಗದಿದ್ದರಿಂದ, ತಾಲೀಮಿನಲ್ಲಿ ನನ್ನ ಮೂರು ಪುಟದ ಮಾತನ್ನೆಲ್ಲ ಖಾಲಿ ಸಿಂಹಾಸನಕ್ಕೇ ಹೇಳುತ್ತಿದ್ದೆ: "ಪ್ರಭು, ಮಹಾರಾಣಿಯನ್ನು ನಂಬಬೇಡಿ."

ಜನವರಿಯ ಚಳಿಯಲ್ಲೂ, ಮಾತು ಮುಗಿಸಿ ಮುಟ್ಟಿದರೆ ಆ ಕುರ್ಚಿಯ ದಿಂಬು ಬೆಚ್ಚಗಿರುತ್ತಿತ್ತು. ಯಾರಿಗೂ ಹೇಳಲಿಲ್ಲ. ಭಯವೂ ಆಗಲಿಲ್ಲ; ಇಷ್ಟು ಮನಸ್ಸಿಟ್ಟು ಕೇಳುವವರು ಯಾವ ನಟನಿಗೆ ಸಿಗುತ್ತಾರೆ? ವಾರ ವಾರಕ್ಕೂ ಇನ್ನಷ್ಟು ನಯವಾಗಿ ಚಾಡಿ ಹೇಳಿದೆ.

ಕೊನೆಯ ತಾಲೀಮಿನ ಭಾನುವಾರ ಮಧ್ಯಾಹ್ನ ಮುಟ್ಟಿದರೆ ದಿಂಬು ತಣ್ಣಗಿತ್ತು. ಯಾಕೋ ಬೇಸರವಾಯಿತು.

ಅಷ್ಟರಲ್ಲಿ ರಾಣಿಯ ಪಾತ್ರದ ಭವ್ಯಶ್ರೀ ಮುನಿರ್ಕಾದ ತನ್ನ ಬಾಡಿಗೆ ರೂಮಿನಿಂದ ಫೋನ್ ಮಾಡಿ ಪಿಸುಗುಟ್ಟಿದಳು:

"ಅಂಕಲ್, ರಿಹರ್ಸಲ್‌ಗೆ ಬರೋಕಾಗ್ತಿಲ್ಲ. ರೂಮಲ್ಲಿ ನಾನೊಬ್ಬಳೇ ಇದ್ದೀನಿ. ಆದ್ರೆ ಬಾಗಿಲ ಹತ್ರ ಇರೋ ಕುರ್ಚಿ ಬೆಚ್ಚಗಿದೆ."